ಅಕ್ಕನ ಕೈ ಕಟ್ಟಿದ್ದ ದಿನ

ಮಕ್ಕಳೇ, ನಾನು ಚಿಕ್ಕವಳಿದ್ದಾಗ ಮನೆಯಲ್ಲಿ, ಬೀದಿಯಲ್ಲಿ ಯಾರು ಏನಂದರೂ ಅದನ್ನು ಅಕ್ಕನಿಗೆ ಸನ್ನೆಯಲ್ಲಿ ಹೇಳುವುದು ನನ್ನ ಪಾಲಿನ ಕೆಲಸ. ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ನಮ್ಮಿಬ್ಬರ ಮಾತೆಲ್ಲ ಕೈಯಲ್ಲೇ.

ದುದ್ದದ ಹತ್ತಿರದ ನಮ್ಮ ಹಳ್ಳಿಗೆ ಒಂದು ಸಂಜೆ ಮೈಕು ಕಟ್ಟಿದ ಜೀಪು ಬಂತು. ವಾಂತಿಭೇದಿ ಹರಡುತ್ತಿದೆ, ಊರ ಬಾವಿ ನೀರು ಕುಡಿಯಬೇಡಿ, ಬೋರ್‌ವೆಲ್ ನೀರನ್ನೇ ತನ್ನಿ ಎಂದು ಕೂಗಿಕೊಂಡು ಹೋಯಿತು. ನಾವು ಮಕ್ಕಳೆಲ್ಲ ಧೂಳಿನಲ್ಲಿ ಅದರ ಹಿಂದೆ ಓಡಿದೆವು. ಅಕ್ಕ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ಅವಳಿಗೆ ಹೇಳುವುದನ್ನು ನಾನು ಆಟದಲ್ಲಿ ಮರೆತೇಬಿಟ್ಟೆ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಅಕ್ಕ ವಾಂತಿ ಮಾಡಿ ಮಾಡಿ ನೆಲ ಹಿಡಿದಿದ್ದಳು. ಅಪ್ಪ ಅವಳನ್ನು ಹೊತ್ತುಕೊಂಡು ಹಾಸನದ ಬಸ್ಸು ಹತ್ತಿದ. ನಾನೂ ಹಟ ಮಾಡಿ ಹೋದೆ. ಅವ್ವ ಪುಟ್ಟ ತಮ್ಮನೊಂದಿಗೆ ಮನೆಯಲ್ಲೇ ಉಳಿದಳು.

ಆಸ್ಪತ್ರೆಯ ಫಿನಾಯಿಲ್ ವಾಸನೆಗೆ ಕಣ್ಣು ಉರಿಯುತ್ತಿತ್ತು. ರೋಗಿಯನ್ನು ಬಿಟ್ಟು ಯಾರನ್ನೂ ಒಳಗೆ ಬಿಡಲಿಲ್ಲ. ಅಪ್ಪ ಚೀಟಿ ಬರೆಸಲು ಹೋದ. ನಾನು ತುದಿಗಾಲಲ್ಲಿ ನಿಂತು, ಕಿಟಕಿಯ ಸರಳು ಹಿಡಿದು ಇಣುಕಿದೆ. ಬಾಯಿಗೆ ಬಟ್ಟೆ ಕಟ್ಟಿಕೊಂಡ ನರ್ಸಮ್ಮ ಅಕ್ಕನ ತೋಳಿಗೆ ಡ್ರಿಪ್ಪಿನ ಸೂಜಿ ಚುಚ್ಚಿದರು. ಅದು ಏತಕ್ಕೆಂದು ಅಕ್ಕನಿಗೆ ಹೇಗೆ ಗೊತ್ತಾಗಬೇಕು? ಹೆದರಿ ಕಿತ್ತಳು. ಮತ್ತೆ ಚುಚ್ಚಿದರು, ಮತ್ತೆ ಕಿತ್ತಳು. ಕೊನೆಗೆ ಅವಳ ಎರಡೂ ಕೈಗಳನ್ನು ಮಂಚಕ್ಕೆ ಕಟ್ಟಿ ಸೂಜಿ ಚುಚ್ಚಿದರು. ಇನ್ನು ಅಕ್ಕ ಮಾತಾಡುವುದು ಹೇಗೆ?

"ನರ್ಸಮ್ಮಾ, ಬಿಚ್ಚಿ! ನಮ್ಮಕ್ಕಂಗೆ ಕಿವಿ ಕೇಳಾಕಿಲ್ಲ. ಕೈಯಲ್ಲೇ ಮಾತಾಡೋದು ಅವ್ಳು!" ಎಂದು ಕಿರುಚಿದೆ.

"ಬಿಚ್ಚಿದ್ರೆ ಸೂಜಿ ಕಿತ್ತಾಕ್ತಾಳಲ್ಲ ಮಗಾ."

"ನಾನ್ ಸನ್ನೇಲಿ ಯೋಳ್ತೀನಿ. ಒಂದೇ ಒಂದ್ ಕೈ ಬಿಚ್ಚಿ ನೋಡಿ."

ನರ್ಸಮ್ಮ ನನ್ನ ಮುಖವನ್ನೇ ನೋಡಿ, ಸೂಜಿಯಿಲ್ಲದ ಕೈಯನ್ನು ಬಿಚ್ಚಿದರು. ನಾನು ಸರಳುಗಳ ನಡುವೆ ಕೈ ತೂರಿಸಿ ಹೇಳಿದೆ: ಬಾವಿ ನೀರು ಕೆಟ್ಟಿದೆ, ಅದರಿಂದಲೇ ಈ ಕಾಯಿಲೆ, ಸೂಜಿಯಲ್ಲಿ ಬರುತ್ತಿರುವುದು ಔಷಧಿ. ಹೇಳಲು ಮರೆತವಳು ನಾನೇ ಎಂದೂ ಹೇಳಿದೆ. ಅಕ್ಕ ಕೋಪ ಮಾಡಿಕೊಳ್ಳಲಿಲ್ಲ. ಅವಳ ಕಣ್ಣುಗಳು ಅಗಲವಾದವು. ಬಿಚ್ಚಿದ ಕೈಯಲ್ಲಿ ಹಗ್ಗ ಸೇದಿ ತೋರಿಸಿದಳು, ಕೊಡ ಇಟ್ಟು ತೋರಿಸಿದಳು, ಆಮೇಲೆ ಮಗುವನ್ನು ತೂಗುವಂತೆ ಕೈ ಆಡಿಸಿದಳು.

ಅಷ್ಟರಲ್ಲಿ ಅಪ್ಪ ಬಂದ. "ಅಪ್ಪಾ, ಬೆಳಿಗ್ಗೆ ಅಕ್ಕ ಬಾವಿ ನೀರ್ನೇ ಸೇದಿ ಅಡಿಗೆಮನೇಲಿ ಇಟ್ಟವ್ಳಂತೆ! ಅವ್ವ ಬೋರ್‌ವೆಲ್ ನೀರು ಅನ್ಕಂಡು ತಮ್ಮಂಗೆ ಅದ್ನೇ ಕುಡುಸ್ಬುಡ್ತಾಳೆ!"

"ನೀ ಇಲ್ಲೇ ಇರು, ಅಲ್ಲಾಡ್‌ಬ್ಯಾಡ," ಎಂದವನೇ ಅಪ್ಪ ಬಸ್ ಸ್ಟ್ಯಾಂಡಿಗೆ ಓಡಿದ.

ಅಲ್ಲಿಂದ ಮುಂದೆ ಅಕ್ಕನ ಕೈ ಒಂದನ್ನೇ ಕೇಳುತ್ತಿತ್ತು: ತಮ್ಮ? ದೀಪ ಹಚ್ಚುವ ಹೊತ್ತಿಗೆ ಅಪ್ಪ ಬೆವರಿಳಿಸಿಕೊಂಡು ಬಂದ. ಅವನು ಮನೆಯ ಹೊಸಿಲು ದಾಟಿದಾಗ ಅವ್ವ ಲೋಟ ಹಿಡಿದು ತಮ್ಮನನ್ನು ಎಬ್ಬಿಸುತ್ತಿದ್ದಳಂತೆ. "ಕೊಡದ್ ನೀರ್ನೆಲ್ಲ ಸುರ್ದ್‌ಬುಟ್ಟು ಬಂದೆ ಕಣವ್ವ," ಎಂದ. ನಾನು ಅಕ್ಕನಿಗೆ ಹೇಳಿದೆ. ಅವಳು ಆಗ ಕಣ್ಣು ಮುಚ್ಚಿ ನಿದ್ದೆ ಹೋದಳು. ಮೂರನೆಯ ದಿನ ಎದ್ದು ಕೂತು ಗಂಜಿ ಕುಡಿದಳು.

ಮಕ್ಕಳೇ, ನಿಮ್ಮ ಕಾಲದಲ್ಲಿ ಕೊರೊನಾ ಬಂದಾಗ ಯಾರಿಗೆ ಫೋನ್ ಮಾಡಿದರೂ ಮೊದಲು ಕೆಮ್ಮು, ಆಮೇಲೆ ಎಚ್ಚರಿಕೆಯ ಮಾತು ಕೇಳಿಸುತ್ತಿತ್ತು. ಕೇಳಿ ಕೇಳಿ ನಿಮಗೆ ಬೇಜಾರಾಗಿತ್ತು. ಅರಕಲಗೂಡಿನಲ್ಲಿದ್ದ ನನ್ನ ಅಕ್ಕನಿಗೆ ಅದೂ ಕೇಳಿಸುತ್ತಿರಲಿಲ್ಲ. ನೀವು ಮೊಬೈಲನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ನನ್ನನ್ನು ಎದುರಿಗೆ ಕೂರಿಸಿದಿರಿ. ದಿನಾ ಸಂಜೆ ವಿಡಿಯೋ ಕಾಲಿನಲ್ಲಿ ಅವಳಿಗೆ ಸುದ್ದಿಯೆಲ್ಲ ಹೇಳುತ್ತಿದ್ದೆ. ಒಂದು ಸಂಜೆ ಜ್ವರ ಬಂದು ನಾನು ಮಲಗಿದ್ದೆ. ಎಚ್ಚರವಾಗಿ ನೋಡಿದರೆ, ಮೊಬೈಲಿನ ಮುಂದೆ ಕೂತು ನೀವಿಬ್ಬರೂ ತಪ್ಪುತಪ್ಪಾಗಿ ಕೈ ಆಡಿಸುತ್ತಿದ್ದಿರಿ. ಅತ್ತ ಅಕ್ಕ ತಲೆಯಾಡಿಸುತ್ತಿದ್ದಳು. ಅವಳಿಗೆ ಎಲ್ಲವೂ ಅರ್ಥವಾಗಿತ್ತು.