ಬೆಳಕಿಗೆ ಕರೆಯುವ ಮೇಡಂ

ನಾನು ಗುಮಾಸ್ತನಾಗಿರುವ ಮೆಡಿಕಲ್ ಕಾಲೇಜಿನ ಚರ್ಮರೋಗದ ಮೇಡಂ ಕಣ್ಣಿಗೆ ಯಾರ ಮೈಮೇಲಾದರೂ ಒಂದು ಗುಳ್ಳೆ ಕಂಡರೆ ಸಾಕು, "ಸ್ವಲ್ಪ ಬೆಳಕಿಗೆ ಬನ್ನಿ" ಎಂದು ಕ್ಯಾಮೆರಾ ಹಿಡಿಯುತ್ತಾರೆ. ಕ್ಯಾಂಟೀನಿನವರು, ಕಾವಲುಗಾರರು, ಮಗಳ ಮದುವೆಗೆ ಬಂದ ಬೀಗರು, ಯಾರನ್ನೂ ಬಿಟ್ಟವರಲ್ಲ. "ಪುಸ್ತಕದಲ್ಲಿರೋದೆಲ್ಲ ಬಿಳಿ ಮೈ ಕಣ್ರಪ್ಪ. ಕಪ್ಪು ಮೈಯಲ್ಲಿ ಕೆಂಪು ಅಷ್ಟಾಗಿ ಕಾಣಲ್ಲ, ಮುಟ್ಟಿ ನೋಡಿ" ಎನ್ನುತ್ತಾ ತಾವು ತೆಗೆದ ಆ ಚಿತ್ರಗಳನ್ನಿಟ್ಟುಕೊಂಡೇ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಾರೆ. ಮೊನ್ನೆ ನನ್ನ ತಂಗಿಯ ಕಾಲು ಊದಿಕೊಂಡಾಗ, ಕೆಂಪಾಗಿಲ್ಲವೆಂದು ಒಬ್ಬ ಡಾಕ್ಟರು ವಾಪಸು ಕಳಿಸಿದ್ದರು. ಮೇಡಂ ಶಿಷ್ಯೆಯೊಬ್ಬಳು ಮುಟ್ಟಿ ನೋಡಿ, ಬಿಸಿಯಿದೆಯೆಂದು ಕೂಡಲೇ ಸೋಂಕಿಗೆ ಔಷಧಿ ಕೊಟ್ಟು ಕಾಲು ಉಳಿಸಿದಳು. ಅದನ್ನು ಮೇಡಂಗೆ ಹೋಗಿ ಹೇಳಿದೆ. "ಈಗ ನಡೀತಾಳಾ?" ಎಂದರು. "ಓಡಾಡ್ತಾಳೆ ಮೇಡಂ." ಅವರು ಕ್ಯಾಮೆರಾ ಕೆಳಗಿಟ್ಟು, "ನಮ್ಮಮ್ಮಂಗೂ ಕೆಂಪಾಗಿಲ್ಲ ಅಂತ ವಾಪಸು ಕಳಿಸಿದ್ರು, ಆಮೇಲೆ ಕಾಲೇ ತೆಗೆದುಬಿಟ್ರು. ತಂಗೀನ ಒಂದ್ಸಲ ಕರ್ಕೊಂಡು ಬಾಪ್ಪ, ನಡೆಯೋದನ್ನ ನೋಡ್ತೀನಿ" ಎಂದರು.