ಎಕರೆ ಲೆಕ್ಕದ ಮಾತು

ಬೆಳಗಿನ ಬಸ್ಸಿನಲ್ಲಿ ನನ್ನ ಪಕ್ಕಕ್ಕೆ ಕೆಸರಿನ ವಾಸನೆ ಬಂದು ಕೂತಿತು. ನಾಗಮಂಗಲದಲ್ಲಿ ಹತ್ತಿದ ಹೆಂಗಸರು, ಸೀರೆಯ ಮೇಲೆ ಗಂಡಂದಿರ ಹಳೆಯ ಅಂಗಿ. ಪಾಂಡವಪುರದ ಕಡೆ ನಾಟಿಗೆ ಹೊರಟವರು. ನಾನೂ ಅಲ್ಲಿಗೇ, ಖಾಸಗಿ ಶಾಲೆಯೊಂದರ ಪಾಠಕ್ಕೆ. ನನ್ನಷ್ಟೇ ಪೀರಿಯಡ್ ತೆಗೆದುಕೊಳ್ಳುವ ಹೊಸ ಮೇಷ್ಟರಿಗೆ ನನಗಿಂತ ಹೆಚ್ಚು ಸಂಬಳವೆಂದು ನಿನ್ನೆ ತಿಳಿದಿತ್ತು. "ಅವರು ಸಂಸಾರ ನಡೆಸೋರು ಮೇಡಂ" ಎಂದ ಕಾರ್ಯದರ್ಶಿಗಳಿಗೆ ತಲೆಯಾಡಿಸಿ ಬಂದಿದ್ದೆ. ನನ್ನ ಮನೆಗೆ ಅಕ್ಕಿ ಬೇಳೆ ತಾವಾಗಿಯೇ ನಡೆದು ಬರುತ್ತವೇನೋ.

ಆ ವಾಸನೆಗೆ ಜಯಕ್ಕನ ನೆನಪಾಯಿತು ನೋಡಿ. ದೇವಲಾಪುರದ ಕಡೆಯವಳು. ನಾಲೆಗೆ ನೀರು ಬಿಟ್ಟರೆ ಹೆಂಗಸರ ಗುಂಪು ಕಟ್ಟಿಕೊಂಡು ಪಾಂಡವಪುರದ ನಮ್ಮ ಗದ್ದೆಗೆ ಬರುತ್ತಿದ್ದಳು. ನಾನಾಗ ಟೀ ಹೊತ್ತು ತರುವ ಹುಡುಗಿ. ಅರ್ಧ ದಾರಿಯಲ್ಲೇ ಚೆಲ್ಲಿ, ಉಳಿದರ್ಧಕ್ಕೆ ಹೊಗಳಿಕೆ ಬಯಸುತ್ತಿದ್ದೆ. ಹೆಂಗಸರು ದಿನವಿಡೀ ಬಗ್ಗಿ ನೆಡುತ್ತಿದ್ದರು. ಪೈರಿನ ಕಟ್ಟು ಹೊತ್ತು ತಂದು ಹಾಕಿ, ಬದುವಿನ ಮೇಲೆ ಬೀಡಿ ಸೇದುವ ನಿಂಗಣ್ಣನಿಗೆ ಹೆಚ್ಚು ಕೂಲಿ. ಗಂಡಾಳಿಗೊಂದು, ಹೆಣ್ಣಾಳಿಗೊಂದು; ಊರಿನ ಪದ್ಧತಿಯೇ ಹಾಗೆ.

ಒಂದು ಸಂಜೆ ಜಯಕ್ಕ ಕೇಳಿಯೇಬಿಟ್ಟಳು. ಅಪ್ಪ, "ಅವ್ನು ಬಾರ ಒರ್ತಾನಲ್ಲವ್ವ" ಎಂದರು.

"ಅಂಗಾರೆ ನಾಳೀಕೆ ಕಟ್ಟು ನಾವ್ ಒರ್ತೀವಿ ಬುಡಿ ಗೌಡ್ರೆ. ನಿಂಗಣ್ಣ ಬಗ್ಗಿ ನೆಡ್ಲಿ."

ಮಾರನೆಯ ದಿನ ಕಟ್ಟುಗಳನ್ನು ಹೆಂಗಸರೇ ಹೊತ್ತರು. ನಿಂಗಣ್ಣ ನೆಟ್ಟ ಪೈರು ಮಧ್ಯಾಹ್ನದೊಳಗೆ ನೀರಿನ ಮೇಲೆ ತೇಲಿತು. ಸೊಂಟ ಹಿಡಿದುಕೊಂಡು, "ಈ ಸಾವಾಸ ಬ್ಯಾಡ ಕಣಕ್ಕ" ಎಂದ. ಅಪ್ಪ ನಕ್ಕರು, ಕೂಲಿ ಮಾತ್ರ ಏರಿಸಲಿಲ್ಲ. ನನಗೆ ಸಿಟ್ಟು ಬಂದು ಊಟ ಬಿಡುತ್ತೇನೆಂದು ಹಠ ಹಿಡಿದೆ, ಬಸ್ಸಾರಿನ ವಾಸನೆಗೆ ಸೋತೆ.

ಜಯಕ್ಕ ಸೋಲಲಿಲ್ಲ. "ಉಳಿದ ಗದ್ದೆಗೆ ಎಕ್ರೆ ಲೆಕ್ಕದಾಗೆ ಮಾತಾಡಿ. ನೆಡೋರು ಗಂಡೋ ಎಣ್ಣೋ ನಿಮಗ್ಯಾಕೆ? ಇಲ್ಲಾಂದ್ರೆ ಶ್ರೀರಂಗಪಟ್ಣದ ಕಡೀಕೆ ಓಗ್ತೀವಿ."

ಸಸಿ ಬೆಳೆಸುವ ಒಟ್ಟಲಿನಲ್ಲಿ ಪೈರು ಬಲಿಯುತ್ತಿತ್ತು, ತಡಮಾಡುವಂತಿರಲಿಲ್ಲ. ಅಪ್ಪ ಒಪ್ಪಿದರು. ಬಂದ ಹಣವನ್ನು ಜಯಕ್ಕ ಎಲ್ಲರಿಗೂ ಸಮನಾಗಿ ಹಂಚಿದಳು, ನಿಂಗಣ್ಣನಿಗೂ. ಅವನು ಗೊಣಗಿದ, ಮರುದಿನ ಎಲ್ಲರಿಗಿಂತ ಮೊದಲು ಗದ್ದೆಯಲ್ಲಿದ್ದ.

ಪಾಂಡವಪುರ ಬಂತು. ಹೆಂಗಸರ ಹಿಂದೆಯೇ ಇಳಿದು, ತರಗತಿಗೆ ಹೋಗದೆ ನೇರ ಕಾರ್ಯದರ್ಶಿಗಳ ಕೋಣೆಗೆ ಹೋದೆ.

"ಸರ್, ಸಂಸಾರದ ಮಾತು ಬಿಡಿ. ಪೀರಿಯಡ್ ಲೆಕ್ಕದಲ್ಲಿ ಮಾತಾಡೋಣ" ಎಂದು, ಅವರು ಹೇಳುವ ಮೊದಲೇ ಕುರ್ಚಿ ಎಳೆದು ಕೂತೆ.