ಒಲೆ ಒತ್ತುವ ಕೆಲಸ

ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ನನಗೆ ಮನೆಯಲ್ಲೇ ಒಂದು ನೌಕರಿ ಸಿಕ್ಕಿದೆ. ಅಮ್ಮ ಕರೆದಾಗ ಅಡುಗೆಮನೆಗೆ ಹೋಗಿ ಇಂಡಕ್ಷನ್ ಒಲೆಯ ಬಟನ್ ಒತ್ತುವುದು. ಸಂಬಳವಿಲ್ಲ, ಬೈಗುಳ ಧಾರಾಳ. ಆದರೂ ಈ ಕೆಲಸ ಬಿಡಲು ನನಗೆ ಮನಸ್ಸಿಲ್ಲ.

ಒಲೆಗಳ ವಿಷಯದಲ್ಲಿ ನಾನು ಸಾಕಷ್ಟು ಅನುಭವಸ್ಥ. ಕಾರ್ಕಳದ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದಾಗ ನನ್ನದು ಸುರುಳಿ ತಂತಿಯ ಕರೆಂಟು ಒಲೆ. ಅದು ಕೆಂಪಗಾಗುವಷ್ಟರಲ್ಲಿ ಹಸಿವೆಯೇ ಸತ್ತುಹೋಗುತ್ತಿತ್ತು. ಆರಿಸಿದರೂ ಕಾವು ಇಳಿಯದು. ಹಾಲು ಉಕ್ಕಿ ತಂತಿಯ ಮೇಲೆ ಬಿದ್ದರೆ ಇಡೀ ಕಟ್ಟಡದ ಫ್ಯೂಸ್ ಹೋಗುತ್ತಿತ್ತು. ಆಗ ಕತ್ತಲಲ್ಲಿ ಎಲ್ಲ ಬಾಗಿಲುಗಳಿಂದಲೂ ನನ್ನ ಹೆಸರೇ ಕೇಳಿಸುತ್ತಿತ್ತು. ಅಷ್ಟು ಜನಪ್ರಿಯತೆ ನನಗೆ ಮತ್ತೆಂದೂ ಬರಲಿಲ್ಲ.

ಕಾಪುವಿನ ನಮ್ಮ ಮನೆಗೆ ಗ್ಯಾಸ್ ಬಂದ ದಿನ ಅಮ್ಮ ಅದಕ್ಕೆ ಕುಂಕುಮ ಹಚ್ಚಿ, ದಾಸವಾಳ ಇಟ್ಟು, ಮೊದಲು ಪಾಯಸ ಮಾಡಿದಳು. ಮೀನಿಗೆ ಮಾತ್ರ ಬಹಳ ಕಾಲ ಸೌದೆ ಒಲೆಯೇ. ಮೀನಿನ ಬುಟ್ಟಿ ಹೊತ್ತು ಹಿರಿಯಡ್ಕದವರೆಗೆ ಹೋಗಿ ಮಾರಿ ಬರುತ್ತಿದ್ದವಳು ಅಮ್ಮ. ಬಂದವಳೇ ಮಣ್ಣಿನ ಪಾತ್ರೆಯಲ್ಲಿ ಬಂಗುಡೆ ಸಾರು ಇಟ್ಟು, ಹೊಗೆಗೆ ಕಣ್ಣು ಕಿರಿದು ಮಾಡಿ ಕೂರುತ್ತಿದ್ದಳು. ಆ ಸಾರಿಗಾಗಿ ಕಾಯುತ್ತಿದ್ದ ಮಧ್ಯಾಹ್ನಗಳನ್ನು ನೆನೆದರೆ ಈಗಲೂ ಹೊಟ್ಟೆ ಹಸಿಯುತ್ತದೆ. ಕ್ರಮೇಣ ಮೀನೂ ಗ್ಯಾಸಿಗೆ ಒಗ್ಗಿತು, ನಾವೂ ಒಗ್ಗಿದೆವು.

ಈಚೆಗೆ ಅಮ್ಮನಿಗೆ ವಾಸನೆ ತಿಳಿಯುವುದಿಲ್ಲ. ಒಂದು ಸಂಜೆ ನನ್ನ ಹೆಂಡತಿ ಮಣಿಪಾಲದ ಆಫೀಸಿನಿಂದ ಬಂದು ಬಾಗಿಲು ತೆಗೆದರೆ ಮನೆಯೆಲ್ಲ ಗ್ಯಾಸ್. ಒಲೆ ಹೊತ್ತಿರಲಿಲ್ಲ, ಅಮ್ಮ ಅದರ ಪಕ್ಕದಲ್ಲೇ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಪುಣ್ಯಕ್ಕೆ ಏನೂ ಆಗಲಿಲ್ಲ. ಆದರೆ ಇನ್ನು ಅಮ್ಮ ಅಡುಗೆ ಮಾಡಬಾರದು ಎಂದು ನಾವಿಬ್ಬರೂ ತೀರ್ಮಾನಿಸಿದೆವು.

ಅಮ್ಮ ಜಗಳವಾಡಲಿಲ್ಲ. ನಾವು ಬಡಿಸಿದ್ದನ್ನು ಉಂಡು ಎದ್ದಳು. ಉಪ್ಪು ಹೆಚ್ಚಾಯಿತು, ಹುಳಿ ಸಾಲದು ಎಂದು ಹೆಸರಿಡದೆ ಒಂದು ತುತ್ತೂ ಇಳಿಸದಿದ್ದವಳು ಹೀಗೆ ಬಾಯಿ ಮುಚ್ಚಿ ಉಣ್ಣುವುದನ್ನು ನೋಡಿ ನನಗೆ ನಿಜಕ್ಕೂ ಭಯವಾಯಿತು. ಮರುವಾರವೇ ಉಡುಪಿಗೆ ಹೋಗಿ ಇಂಡಕ್ಷನ್ ತಂದೆ.

ಅಮ್ಮ ಬಗ್ಗಿ ನೋಡಿದಳು. "ಬೆಂಕಿ ಎಲ್ಲುಂಟು ಮಾರಾಯ ಇದರಲ್ಲಿ?"

ಮಣ್ಣಿನ ಪಾತ್ರೆ ಇಟ್ಟರೆ ಒಲೆ ಕೀಂ ಕೀಂ ಎಂದು ಕೂಗಿ ಸುಮ್ಮನಾಯಿತು. ಸ್ಟೀಲಿನದು ಇಟ್ಟೆವು. ಆದರೆ ಅಮ್ಮ ಎಷ್ಟು ಒತ್ತಿದರೂ ಬಟನ್ ಕೇಳಲೊಲ್ಲದು. ನಾನು ಮುಟ್ಟಿದರೆ ಸಾಕು, ಕುಂಯ್ ಎನ್ನುತ್ತದೆ. ಮಂಜುಗಡ್ಡೆ, ಉಪ್ಪು, ಕತ್ತಿ ಎಲ್ಲ ಸೇರಿ ಅಮ್ಮನ ಬೆರಳ ತುದಿಯನ್ನು ಹಲಗೆಯಷ್ಟು ಗಟ್ಟಿ ಮಾಡಿಟ್ಟಿದ್ದವು. ಜೀವಮಾನವಿಡೀ ದುಡಿದ ಬೆರಳನ್ನು ಬೆರಳೇ ಅಲ್ಲ ಎನ್ನುವ ಆ ಗಾಜಿನ ಮೇಲೆ ನನಗೆ ಸಿಟ್ಟು ಬಂತು. ಹೀಗೆ ನಾನು ಕೆಲಸಕ್ಕೆ ಸೇರಿದೆ.

"ಬೆಂಕಿ ಕಮ್ಮಿ ಮಾಡು" ಅನ್ನುತ್ತಾಳೆ. ಇಲ್ಲದ ಬೆಂಕಿಯನ್ನು ನಾನು ಕಡಿಮೆ ಮಾಡುತ್ತೇನೆ. ಸಾರು ಕುದಿಯುವ ತನಕ ಅಮ್ಮ ಮಾತಾಡುತ್ತಾಳೆ: ಬುಟ್ಟಿಯ ನೀರು ಸೋರಿತೆಂದು ಬಸ್ಸಿನಿಂದ ಇಳಿಸಿದ ಕಂಡಕ್ಟರ್, ಇನ್ನಂಜೆಯಲ್ಲಿ ಮೀನಿಗೆ ಬದಲಾಗಿ ಅಕ್ಕಿ ಕೊಡುತ್ತಿದ್ದ ಮನೆ, ನಾನು ಹೊಟ್ಟೆಯಲ್ಲಿದ್ದಾಗ ಅವಳಿಗೆ ಬರೀ ಸಿಗಡಿ ಬೇಕಾಗಿದ್ದದ್ದು. ಇಷ್ಟು ವರ್ಷ ನಾನು ಅಮ್ಮನ ಅಡುಗೆ ಉಂಡವನೇ ಹೊರತು ಅದು ಬೇಯುವಾಗ ಹತ್ತಿರ ನಿಂತವನಲ್ಲ.

ಮೊನ್ನೆ ಪಿಂಚಣಿಯ ಕೆಲಸಕ್ಕೆಂದು ಉಡುಪಿಗೆ ಹೋದವನು ಬರುವಾಗ ಮಧ್ಯಾಹ್ನ ಮೀರಿತ್ತು. ಒಲೆ ಹಚ್ಚುವವರಿಲ್ಲದೆ ಅಮ್ಮ ಉಪವಾಸ ಕೂತಿರುತ್ತಾಳೆಂದು ಓಡೋಡಿ ಬಂದರೆ ಸಾರು ತಯಾರಾಗಿತ್ತು.

"ಯಾರು ಒತ್ತಿದ್ದು?"

"ನಾನೇ. ಕೈ ಒದ್ದೆ ಇದ್ದರೆ ಕೇಳ್ತದೆ ಅದು."

"ಯಾವಾಗಿಂದ ಗೊತ್ತುಂಟು ನಿಂಗೆ?"

"ಅದೆಲ್ಲ ಎಂತಕ್ಕೆ ಈಗ? ಕೈ ತೊಳೆದು ಬಾ, ಊಟ ಮಾಡು."

ಮರುದಿನ ಬೆಳಿಗ್ಗೆ ಪೇಪರ್ ಓದುತ್ತ ಅಡುಗೆಮನೆಯ ಕಡೆ ಓರೆಗಣ್ಣಿಟ್ಟಿದ್ದೆ. ಅಮ್ಮ ಬಂಗುಡೆ ತೊಳೆದಳು. ಸೆರಗು ಹಿಡಿದು ಒಂದೊಂದೇ ಬೆರಳನ್ನು ಚೆನ್ನಾಗಿ ಒರೆಸಿ ಒಣಗಿಸಿಕೊಂಡಳು. ಆಮೇಲೆ ಕರೆದಳು, "ಮಗಾ, ಇದೊಮ್ಮೆ ಒತ್ತು ಬಾ. ನನಗೆ ಆಗುವುದಿಲ್ಲ."

ಪೇಪರ್ ಮಡಚಿಟ್ಟು ಹೋದೆ.